ಗಣಪಿಯ ಮುಖಕ್ಕೆ ಎರಡು ಲೆನ್ಸು

ಹೊನ್ನಾವರದಲ್ಲಿ ಶ್ರೀಧರ ನಾಯ್ಕನ ಸ್ಟುಡಿಯೊ ಎಲ್ಲಿ ಎಂದು ಈಗಿನ ಹುಡುಗರನ್ನು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅದು ಮುಚ್ಚಿ ಹನ್ನೆರಡು ವರ್ಷವಾಯಿತು, ಆ ಜಾಗದಲ್ಲಿ ಈಗ ಮೊಬೈಲ್ ಕವರಿನ ಅಂಗಡಿ ಇದೆ. ಆದರೆ ನಲವತ್ತೈದು ದಾಟಿದ ಹೆಂಗಸರನ್ನು ಕೇಳಿ ನೋಡಿ. ಕಾಸರಕೋಡಿನಿಂದ ಹಿಡಿದು ಆ ಕಡೆ ಭಟ್ಕಳದ ಜಾಲಿಯ ತನಕ, ಈ ಕಡೆ ಕುಮಟೆಯ ತನಕ, ಅರ್ಧಕ್ಕರ್ಧ ಜನ ನಕ್ಕು ತಲೆ ತಗ್ಗಿಸುತ್ತಾರೆ. ಗಂಡಿನ ಮನೆಗೆ ಮೊದಲು ಹೋದದ್ದು ಅವರಲ್ಲ, ಶ್ರೀಧರ ತೆಗೆದ ಅವರ ಫೋಟೊ. ಅವನ ಹತ್ತಿರ ತೆಗೆಸಿದರೆ ಸಂಬಂಧ ಕೂಡಿಯೇ ಕೂಡುತ್ತದೆ ಎಂಬ ಮಾತು ಊರಲ್ಲಿತ್ತು. ಆ ಮಾತನ್ನು ಹುಟ್ಟಿಸಿದವರಲ್ಲಿ ಅವನೇ ಮೊದಲಿಗ.

ಕೈಗುಣ ಗೀಗುಣ ಎಂಥದ್ದೂ ಇರಲಿಲ್ಲ. ಇದ್ದದ್ದು ಒಂದು ಲೆನ್ಸು. ಅವನಿಗೆ ಕೆಲಸ ಕಲಿಸಿದ ಪಾಂಡು ಎನ್ನುವವನು ಮುಂಬೈಯಿಂದ ವಾಪಸು ಬರುವಾಗ ಒಂದು ಹಳೆಯ ಜರ್ಮನ್ ರೇಂಜ್‌ಫೈಂಡರ್ ಕ್ಯಾಮೆರಾ ತಂದಿದ್ದ, ಸಾಯುವಾಗ ಅದನ್ನು ಶ್ರೀಧರನ ಕೈಗೆ ಕೊಟ್ಟು ಹೋದ. ಆ ಜಾತಿಯ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಲೆನ್ಸು ಬೇರೆ. ಕಿಂಡಿಯಲ್ಲಿ ಒಂದೇ ಮುಖ ಎರಡಾಗಿ ಕಾಣುತ್ತದೆ, ಲೆನ್ಸಿನ ಉಂಗುರ ತಿರುಗಿಸುತ್ತ ಎರಡನ್ನೂ ಒಂದು ಮಾಡಬೇಕು, ಆಗ ಫೋಕಸ್ ಕೂತಿತು ಎಂದರ್ಥ. ಕಿಂಡಿಯಲ್ಲಿ ಎಲ್ಲವೂ ಗಾಜಿನಂತೆ ಸ್ವಚ್ಛ. ಲೆನ್ಸು ಅದನ್ನೇ ಹೇಗೆ ಕಂಡಿತು ಎನ್ನುವುದು ರೀಲು ತೊಳೆದ ಮೇಲೆಯೇ ಗೊತ್ತಾಗುವುದು. ಲೆನ್ಸಿನ ಮುಚ್ಚಳ ತೆಗೆಯದೆ ಇಡೀ ಮದುವೆ ತೆಗೆದ ಮಹಾನುಭಾವರೂ ಈ ಊರಲ್ಲಿ ಆಗಿ ಹೋಗಿದ್ದಾರೆ.

ಲೆನ್ಸು ಎಪ್ಪತ್ತು ವರ್ಷ ಹಳೆಯದು. ನಮ್ಮ ಕಡಲ ಹವೆಗೆ ಅದರ ಒಳಗೆ ಬೂಷ್ಟು ಹಿಡಿದು, ಯಾರೋ ಪಂಚೆಯ ತುದಿಯಲ್ಲಿ ಒರೆಸಿ ಒರೆಸಿ ಗಾಜಿನ ತುಂಬ ಸಣ್ಣ ಗೀರು ಬಿದ್ದಿತ್ತು. ಬೆಳಕು ಒಳಗೆ ಬಿಡುವ ಕಂಡಿಯನ್ನು, ಅಂದರೆ ಅಪರ್ಚರ್, ಪೂರ್ತಿ ತೆರೆದು ತೆಗೆದರೆ ಬೆಳಕು ಬಿದ್ದಲ್ಲೆಲ್ಲ ಹಾಲು ಚೆಲ್ಲಿದ ಹಾಗೆ ಹರಡಿಕೊಳ್ಳುತ್ತಿತ್ತು. ಮೊಡವೆ ಮಾಯ, ಕಪ್ಪು ಕಲೆ ಮಾಯ, ಉಬ್ಬು ಹಲ್ಲು ಕೂಡ ಅರ್ಧ ಮಾಯ. ಅದೇ ಲೆನ್ಸಿನ ಅಪರ್ಚರ್ ಕಿರಿದು ಮಾಡಿ ಎಂಟರ ಗುರುತಿಗೆ ಇಳಿಸಿದರೆ ಮುದುಕನಿಗೆ ಕನ್ನಡಕ ಹಾಕಿದಂತೆ, ಇದ್ದದ್ದು ಇದ್ದ ಹಾಗೆ ಕಾಣುತ್ತಿತ್ತು. ಇದು ಶ್ರೀಧರನಿಗೆ ಚೆನ್ನಾಗಿ ಗೊತ್ತಿತ್ತು. ಹೆಣ್ಣುಮಕ್ಕಳು ಬಂದು ಕೂತಾಗ ಅವನು ಒಂದು ದಿನವೂ ಎಂಟಕ್ಕೆ ಇಳಿಸಲಿಲ್ಲ.

ಸ್ವಲ್ಪ ಕಪ್ಪಗಿದ್ದವಳು, ಸ್ವಲ್ಪ ತೆಳ್ಳಗಿದ್ದವಳು, ಎಲ್ಲರೂ ದಾಟಿಕೊಂಡರು. ಗಂಡಿನ ಕಡೆಯವರು ಮನೆಗೆ ಬಂದು ನೋಡಿದಾಗ ಫೋಟೊಕ್ಕೂ ಮುಖಕ್ಕೂ ಇದ್ದ ವ್ಯತ್ಯಾಸ ಚಹಾದಲ್ಲಿ ಸಕ್ಕರೆ ಒಂದು ಚಮಚ ಕಮ್ಮಿಯಾದಷ್ಟೇ ಇರುತ್ತಿತ್ತು. ದಾಟದೆ ಉಳಿದವಳು ಒಬ್ಬಳೇ, ಶ್ರೀಧರನ ಸ್ವಂತ ತಂಗಿ ಗಣಪಿ.

ಗಣಪಿಗೆ ಐದು ವರ್ಷವಿದ್ದಾಗ ಆಲೆಮನೆಯಲ್ಲಿ ಕುದಿಯುವ ಪಾಕ ಸಿಡಿದು ಎಡಗೆನ್ನೆ ಕಿವಿಯಿಂದ ದವಡೆಯ ತನಕ ಬೆಂದಿತ್ತು. ಚರ್ಮ ಮುದುಡಿ ಗಂಟುಗಂಟಾಗಿ ಒಣಗಿಕೊಂಡಿತು. ಉಳಿದಂತೆ ಲಕ್ಷಣದ ಹುಡುಗಿ, ಕೆಲಸಕ್ಕೆ ಚುರುಕು, ಮಾತು ಮಿತ. ಅವಳಿಗೆ ಇಪ್ಪತ್ತಾದಾಗ ಶ್ರೀಧರ ಅವಳನ್ನು ಸ್ಟುಡಿಯೊದ ಕಿಟಕಿಯ ಪಕ್ಕ ಕೂರಿಸಿದ. ಬೇರೆ ಯಾರಾದರೂ ಆಗಿದ್ದರೆ ಆ ಕೆನ್ನೆಯನ್ನು ನೆರಳಿಗೆ ತಿರುಗಿಸುತ್ತಿದ್ದರು. ಇವನು ಬುದ್ಧಿವಂತ, ಬೆಳಕಿಗೇ ತಿರುಗಿಸಿದ. ಹಳೆಯ ಲೆನ್ಸು ಆ ಬೆಳಕನ್ನು ಕುಡಿದು ಕೆನ್ನೆಯ ಮೇಲೆ ಚೆಲ್ಲಿಬಿಟ್ಟಿತು. ರೀಲು ತೊಳೆದು ನೋಡಿದರೆ ಗಾಯವೇ ಇಲ್ಲ, ಬೆಳದಿಂಗಳಲ್ಲಿ ಕೂತ ರಾಜಕುಮಾರಿ. ಅವನು ಆ ಫೋಟೊವನ್ನು ಎದೆಯುಬ್ಬಿಸಿಕೊಂಡು ಹತ್ತು ಕಡೆ ತೋರಿಸಿದ.

ಹನ್ನೊಂದು ವರ್ಷದಲ್ಲಿ ಹನ್ನೊಂದು ಗಂಡಿನವರು ಬಂದರು. ಫೋಟೊ ನೋಡಿ ಆಸೆಯಿಂದ ಬಂದವರು ಬಾಗಿಲಲ್ಲಿ ಅವಳನ್ನು ಕಂಡ ಕೂಡಲೇ ಕಲ್ಲಾಗುತ್ತಿದ್ದರು. ಅವಲಕ್ಕಿ ತಿಂದು, ಚಹಾ ಕುಡಿದು, ತಿಳಿಸುತ್ತೇವೆ ಎಂದು ಹೋಗುತ್ತಿದ್ದರು. ಒಬ್ಬ ಮುದುಕಿಯಂತೂ ಚಹಾವನ್ನೂ ಮುಟ್ಟದೆ ಎದ್ದು, ಬೇರೆ ಹುಡುಗಿಯ ಫೋಟೊ ತೋರಿಸಿ ಮೋಸ ಮಾಡಿದಿರಿ ಎಂದು ಅಂಗಳದಲ್ಲೇ ಕೂಗಾಡಿದಳು. ಆ ಜನಕ್ಕೆ ಕಣ್ಣಿಲ್ಲ ಎಂದು ಶ್ರೀಧರ ಹೇಳುತ್ತಿದ್ದ. ಪ್ರತಿ ಸಲವೂ ಅದೇ ಕಿಟಕಿ, ಅದೇ ಲೆನ್ಸು, ಹಿಂದಿನದಕ್ಕಿಂತ ಚೆಂದದ ಇನ್ನೊಂದು ಫೋಟೊ. ಅವಳಿಗೆ ಮೂವತ್ತೊಂದಾದ ಮೇಲೆ ಯಾರೂ ಬರಲಿಲ್ಲ.

ಈಗ ಅವಳಿಗೆ ನಲವತ್ತೇಳು, ಅವನಿಗೆ ಅರವತ್ತು. ಅವನ ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಸ್ಟುಡಿಯೊ ಹೋದರೂ ಅವನ ಹೆಸರು ಹೋಗಲಿಲ್ಲ. ದೊಡ್ಡ ಊರುಗಳಲ್ಲಿ ಮತ್ತೆ ರೀಲು, ಮತ್ತೆ ರೇಂಜ್‌ಫೈಂಡರ್ ಎಂಬ ಹುಚ್ಚು ಶುರುವಾಗಿ, ಪುಣೆಯಿಂದ, ಕೊಚ್ಚಿಯಿಂದ, ಭಟ್ಕಳದ ದುಬೈ ಮನೆಗಳಿಂದ ಬೂಷ್ಟು ಹಿಡಿದ ಹಳೆಯ ಲೆನ್ಸುಗಳು ಅವನ ಮನೆಗೆ ಬರತೊಡಗಿದವು. ಬಿಚ್ಚಿ, ಒರೆಸಿ, ಕೂಡಿಸಿ, ಹುರಿದ ಅಕ್ಕಿ ತುಂಬಿದ ತಗಡಿನ ಡಬ್ಬಿಯಲ್ಲಿ ಹದಿನೈದು ದಿನ ಇಟ್ಟು ಪಸೆ ಆರಿಸಿ ಕಳಿಸುವುದು ಕೆಲಸ. ನಿಮ್ಮ ಕೈಗೆ ನಮಸ್ಕಾರ ಸರ್ ಎಂದು ಮೆಸೇಜು ಬಂದರೆ ಅವನು ಕೈ ಮುಗಿವ ಚಿತ್ರವೊಂದನ್ನು ಒತ್ತಿ ಕಳಿಸುತ್ತಿದ್ದ.

ಅವನ ಕೈ ನಡುಗಲು ಹತ್ತಿ ಐದು ವರ್ಷ. ಚಹಾದ ಲೋಟ ಹಿಡಿಯುವುದೇ ಕಷ್ಟ, ಇನ್ನು ಕೂದಲೆಳೆಯಂಥ ಸ್ಕ್ರೂ ಎಲ್ಲಿ ತಿರುಗಿಸುವುದು? ಬಿಚ್ಚುವವಳು, ಒರೆಸುವವಳು, ಕೂಡಿಸುವವಳು, ಅಕ್ಕಿ ಹುರಿಯುವವಳು ಎಲ್ಲ ಗಣಪಿ. ಅಡುಗೆ ಮಾಡಿ, ಅವನ ಸ್ನಾನಕ್ಕೆ ನೀರು ಕಾಯಿಸಿ, ಹನ್ನೊಂದಕ್ಕೆ ಅವಳು ಮೇಜಿಗೆ ಕೂತರೆ ಮೂರರ ತನಕ ಏಳುತ್ತಿರಲಿಲ್ಲ. ಆ ಕೈಗೆ ಯಾರೂ ನಮಸ್ಕಾರ ಹೇಳಲಿಲ್ಲ, ಆ ಕೈ ಯಾರದ್ದು ಎಂದು ಅವನೂ ಯಾರಿಗೂ ಹೇಳಲಿಲ್ಲ.

ಹೋದ ಡಿಸೆಂಬರಿನಲ್ಲಿ ಪಕ್ಕದ ಮನೆಯ ಹೊನ್ನಿ ಒಂದು ಸಂಬಂಧ ತಂದಳು. ಕತಗಾಲದ ಅಣ್ಣಪ್ಪ, ಐವತ್ತೈದು ವರ್ಷ, ಹೆಂಡತಿ ಸತ್ತಿದ್ದಾಳೆ, ಮಕ್ಕಳಿಲ್ಲ, ಹಿಟ್ಟಿನ ಗಿರಣಿ ನಡೆಸುತ್ತಾನೆ. ಗಣಪಿ ಮೊದಲು ಕಿವಿಗೇ ಹಾಕಿಕೊಳ್ಳಲಿಲ್ಲ. ಆಗ ಹೊನ್ನಿ ತನ್ನ ಫೋನಿನಲ್ಲಿ ಅವನು ಕಳಿಸಿದ ಎರಡು ಫೋಟೊ ತೋರಿಸಿದಳು. ಒಂದು ಅವನ ಮುಖದ್ದು, ಇನ್ನೊಂದು ಬರೀ ಬಲಗೈಯದ್ದು. ಗಿರಣಿಯ ಬೆಲ್ಟಿಗೆ ಸಿಕ್ಕಿ ಎರಡು ಬೆರಳು ಹೋಗಿದ್ದವು. ಬಂದ ಮೇಲೆ ನೋಡಿ ಹೇಸುವುದು ಬೇಡ, ಮೊದಲೇ ನೋಡಿಕೊಳ್ಳಲಿ ಎಂದು ಹೇಳಿ ಕಳಿಸಿದ್ದನಂತೆ. ಗಣಪಿ ಆ ಕೈಯನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಆತು ಎಂದಳು.

ಫೋಟೊ ಬೇಕಲ್ಲ ಎಂದು ಹೊನ್ನಿ ಅಲ್ಲೇ ಫೋನು ಎತ್ತಿದಳು. ಅವಳ ಫೋನು ಯಾರ ಮುಖ ಕಂಡರೂ ಮೈದಾ ಬಳಿಯುವಂಥದ್ದು. ಗಣಪಿ ಬೇಡ ಎಂದಳು. ಹೆಣ್ಣಿನ ಫೋಟೊ ಹೋಗಬೇಕಾದದ್ದು ಅಣ್ಣನ ಕೈಯಿಂದ, ಮನೆಯಲ್ಲೇ ಫೋಟೊ ತೆಗೆಯುವವನು ಇರುವಾಗ ನಿನಗೇಕೆ ತ್ರಾಸು ಎಂದು ಹೇಳಿ ಅಣ್ಣಪ್ಪನ ನಂಬರನ್ನು ಶ್ರೀಧರನಿಗೆ ಕೊಡಿಸಿದಳು.

ಶ್ರೀಧರ ನಂಬರು ಬರೆದುಕೊಂಡ, ನಕ್ಕ, ಒಳ್ಳೆಯದಾಯಿತು ಎಂದ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತು ಲೆಕ್ಕ ಹಾಕಿದ. ಅವಳು ಹೋದರೆ ಮೇಜಿನ ಮೇಲೆ ಬಿಚ್ಚಿಟ್ಟ ಲೆನ್ಸು ಬಿಚ್ಚಿಟ್ಟಂತೇ ಉಳಿಯುತ್ತದೆ, ತಿಂಗಳೊಳಗೆ ಊರೂರಿಗೆ ಗೊತ್ತಾಗುತ್ತದೆ ಅವನ ಕೈಯಲ್ಲಿ ಏನೂ ಇಲ್ಲವೆಂದು. ಬೆಳಿಗ್ಗೆ ಗಂಜಿ ಯಾರು ಹಾಕುತ್ತಾರೆ ಎನ್ನುವುದು ಆಮೇಲಿನ ಮಾತು. ತಂಗಿಗೆ ಒಂದು ಮನೆಯಾಗುತ್ತದೆ ಎಂಬುದು ಅವನ ತಲೆಗೆ ಮೂರನೆಯದಾಗಿ ಬಂತು, ಬಂದಷ್ಟೇ ಬೇಗ ಹೋಯಿತು.

ಆ ಭಾನುವಾರವೇ ಕುಮಟೆಯಿಂದ ಅನೂಪ ಬಂದ. ಹಲ್ಲಿನ ಡಾಕ್ಟರು, ರೇಂಜ್‌ಫೈಂಡರಿನ ಹುಚ್ಚ, ಒಳ್ಳೆಯ ಹುಡುಗ. ಹೊಸ ಕಾಲದ ಡಿಜಿಟಲ್ ರೇಂಜ್‌ಫೈಂಡರ್ ಒಂದನ್ನೂ ಅದಕ್ಕೆ ಹೊಚ್ಚ ಹೊಸ ಲೆನ್ಸೊಂದನ್ನೂ ಕೊಂಡಿದ್ದ. ಶ್ರೀಧರಣ್ಣನ ಹಳೆಯ ಲೆನ್ಸನ್ನು ಒಂದು ಹಿತ್ತಾಳೆಯ ಉಂಗುರ ಹಾಕಿ ಅದೇ ಕ್ಯಾಮೆರಾಕ್ಕೆ ಕೂರಿಸಿ, ಒಂದೇ ಮುಖವನ್ನು ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡಬೇಕೆಂದು ಅವನಿಗೆ ಆಸೆ. ಯಾರ ಮುಖ ತೆಗೆಯೋಣ ಎಂದು ಅವನು ಕೇಳುತ್ತಿರುವಾಗಲೇ ಗಣಪಿ ಕೈ ಒರೆಸಿಕೊಳ್ಳುತ್ತ ಬಂದು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಯಾರೂ ಹೇಳದೆ ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿದಳು. ಹನ್ನೊಂದು ವರ್ಷ ಕೂತ ಅಭ್ಯಾಸ.

ಅನೂಪ ಒಂದು ಮೀಟರ್ ದೂರ ನಿಂತ, ಅದಕ್ಕಿಂತ ಹತ್ತಿರ ಹೋದರೆ ಹಳೆಯ ಲೆನ್ಸಿಗೆ ಫೋಕಸ್ ಬರುವುದಿಲ್ಲ. ಮೊದಲು ಹಳೆಯದರಲ್ಲಿ ತೆಗೆದ, ಆಮೇಲೆ ಹೊಸದರಲ್ಲಿ. ಎರಡಕ್ಕೂ ಅಪರ್ಚರ್ ಪೂರ್ತಿ ತೆರೆದಿತ್ತು. ಹಳೆಯದನ್ನು ಎಂಟಕ್ಕೆ ಇಳಿಸಿ ಇನ್ನೊಂದು ತೆಗೆಯುತ್ತೇನೆ, ಆಗ ಎರಡಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲವಂತೆ ಎಂದು ಅವನು ಹೇಳಿದಾಗ ಶ್ರೀಧರ ಕುರ್ಚಿಯಿಂದ ಎದ್ದೇಬಿಟ್ಟ. ಸಾಕು, ಅವಳಿಗೆ ಒಳಗೆ ಕೆಲಸವಿದೆ ಎಂದ. ಎಂಟಕ್ಕೆ ಇಳಿಸಿದ್ದರೆ ಆ ಮುದಿ ಲೆನ್ಸೂ ಸತ್ಯ ಹೇಳಿಬಿಡುತ್ತಿತ್ತು. ಹನ್ನೊಂದು ವರ್ಷ ಸುಳ್ಳು ಹೇಳಿದ್ದು ಗಾಜಲ್ಲ, ಗಾಜಿನ ಹಿಂದೆ ನಿಂತವನು ಎಂದು, ಲೆನ್ಸು ಬಿಚ್ಚಿ ಒರೆಸಿದ್ದಷ್ಟೇ ಹೊರತು ಒಂದು ಫೋಟೊ ತೆಗೆದು ನೋಡದ ಗಣಪಿಗೆ ಅಲ್ಲೇ ತಿಳಿಯುತ್ತಿತ್ತು.

ಅನೂಪ ಎರಡು ಫೋಟೊಗಳನ್ನು ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ತೆರೆದ. ಎಡಕ್ಕೆ ಹಳೆಯ ಲೆನ್ಸಿನದು, ಜೇನಿನ ಬಣ್ಣ, ಮೂಲೆಗಳೆಲ್ಲ ಕರಗಿದ ಹಾಗೆ, ನಡುವೆ ಮೂವತ್ತರ ಹೆಂಗಸಿನಂಥ ನುಣ್ಣನೆಯ ಮುಖ. ಬಲಕ್ಕೆ ಹೊಸದರದು. ರೆಪ್ಪೆಯ ಒಂದೊಂದು ಕೂದಲು, ಮೂಗುತಿಯ ಹಿಂದಿನ ಬೆವರು, ಮೂಲೆಯಲ್ಲಿದ್ದ ಕಿಟಕಿಯ ಮೊಳೆ, ಎಲ್ಲ ಕೈಯಲ್ಲಿ ಮುಟ್ಟುವಂತೆ ಕಾಣುತ್ತಿತ್ತು. ಹುಡುಗ ಸಂಭ್ರಮದಲ್ಲಿ ಮೈಮರೆತು, ಹೊಸ ಗಾಜಿನ ತಾಕತ್ತು ನೋಡಿ ಶ್ರೀಧರಣ್ಣ ಎನ್ನುತ್ತ ಚಿತ್ರವನ್ನು ದೊಡ್ಡದು ಮಾಡುತ್ತ ಹೋದ. ಬೆಂದ ಕೆನ್ನೆ ಪರದೆಯ ತುಂಬ ಬಂತು. ಆಗ ಅವನಿಗೆ ತಾನು ಮಾಡುತ್ತಿರುವುದು ಏನೆಂದು ಹೊಳೆದು, ಕಿವಿ ಕೆಂಪಾಗಿ, ಮುಚ್ಚಲು ಕೈ ಹಾಕಿದ.

ಗಣಪಿ ಮುಚ್ಚಬೇಡ ಎಂದಳು. ಮುಂದೆ ಬಗ್ಗಿ ತನ್ನ ಕೆನ್ನೆಯನ್ನು ಯಾರದೋ ಊರಿನ ನಕ್ಷೆ ನೋಡುವಂತೆ ನಿಧಾನವಾಗಿ ನೋಡಿದಳು. ಅಳಲಿಲ್ಲ. ಆಮೇಲೆ ಅಣ್ಣನ ಕಡೆ ತಿರುಗಿದಳು.

“ಆ ಹನ್ನೊಂದು ಜನ ಬಂದದ್ದು ನನ್ನ ನೋಡೂಕಲ್ಲ ಅಣ್ಣ. ನಿನ್ನ ಲೆನ್ಸಿನ ಹುಡ್ಗಿ ನೋಡೂಕೆ. ಅವ್ಳು ಈ ಮನೇಲಿ ಇರ್ಲೇ ಇಲ್ಲ. ನೀ ಇಂಥದ್ದೊಂದು ಫೋಟೊ ತೆಗ್ದು ಕಳ್ಸಿದ್ರೆ ಹನ್ನೊಂದು ಜನ ಬರ್ತಿರ್ಲಿಲ್ಲ. ಒಬ್ಬ ಬರ್ತಿದ್ದ. ಅವ ವಾಪಸ್ ಹೋಗ್ತಿರ್ಲಿಲ್ಲ.”

ಜನ್ಮದಲ್ಲಿ ಅವಳು ಅವನಿಗೆ ಎದುರಾಡಿದ್ದು ಅದೊಂದೇ ಸಲ, ಅದೂ ಮೂರನೆಯವರ ಎದುರಿಗೆ. ಶ್ರೀಧರನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಅವಳು ಬಲಗಡೆಯ ಚಿತ್ರಕ್ಕೆ ಬೆರಳಿಟ್ಟು, ಅಣ್ಣಪ್ಪನಿಗೆ ಇದನ್ನೇ ಕಳಿಸು ಎಂದು ಹೇಳಿ ಒಳಗೆ ಹೋದಳು. ಅನೂಪ ಎರಡನ್ನೂ ಶ್ರೀಧರನ ಫೋನಿಗೆ ಹಾಕಿ, ಸಾರಿ ಹೇಳುವುದೋ ಬಿಡುವುದೋ ತಿಳಿಯದೆ ಕ್ಯಾಮೆರಾ ಕಟ್ಟಿಕೊಂಡು ಹೊರಟ. ಆ ಹೋಲಿಕೆಯನ್ನು ಅವನು ಯಾರಿಗೂ ತೋರಿಸಲಿಲ್ಲ. ಅಷ್ಟರ ಮಟ್ಟಿಗೆ ಅವನಿಗೆ ಮಾನ ಮರ್ಯಾದೆ ಇತ್ತು.

ಶ್ರೀಧರ ಜಗಲಿಯ ಮೇಲೆ ಕೂತು ಫೋನು ಹಿಡಿದುಕೊಂಡ. ಎರಡು ಚಿತ್ರ, ಅಕ್ಕಪಕ್ಕ. ಹೊಸ ಲೆನ್ಸಿನದು ಹೋದರೆ ಅಣ್ಣಪ್ಪ ಬಾರದೆಯೂ ಇರಬಹುದು. ಬಂದರೆ ಮಾತ್ರ ಕೆಲಸ ಕೆಟ್ಟಿತು, ಎಲ್ಲ ನೋಡಿಯೇ ಬಂದವನು ಕರೆದುಕೊಂಡೇ ಹೋಗುತ್ತಾನೆ. ಹಳೆಯದು ಹೋದರೆ ಅವನು ಬರುತ್ತಾನೆ, ಬಂದು ನೋಡುತ್ತಾನೆ, ಹೋಗುತ್ತಾನೆ. ಹನ್ನೊಂದು ಸಲ ಆದದ್ದು ಹನ್ನೆರಡನೆಯ ಸಲ ಆಗದೆ ಇರುತ್ತದೆಯೇ? ಚೆಂದ ಕಾಣಲಿ ಎಂದು ತಾನೇ ಕಳಿಸುವುದು, ಅದರಲ್ಲೇನು ತಪ್ಪು ಎಂದು ಅವನು ಒಂದು ಗಳಿಗೆ ತನಗೆ ತಾನೇ ಹೇಳಿಕೊಂಡ. ಅಷ್ಟು ವರ್ಷ ಅವನು ಮಾಡಿದ್ದಕ್ಕೆ ಜಂಭವೋ ಪೆದ್ದುತನವೋ ಎಂದು ಏನಾದರೂ ಹೆಸರು ಕೊಡಬಹುದಿತ್ತು. ಇವತ್ತು ಅವನಿಗೆ ಎಲ್ಲ ಗೊತ್ತಿತ್ತು. ನಡುಗುವ ಬೆರಳಿಗೆ ಪರದೆ ಸಿಗಲಿಲ್ಲ, ಎರಡು ಸಲ ತಪ್ಪಿತು. ಮೂರನೆಯ ಸಲ ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡು ಹಳೆಯ ಲೆನ್ಸಿನ ಚಿತ್ರವನ್ನೇ ಒತ್ತಿ ಕಳಿಸಿದ.

ಗುರುವಾರ ಬರುತ್ತೇನೆ ಎಂದು ಅಣ್ಣಪ್ಪ ತಿಳಿಸಿದ. ಫೋಟೊ ನೋಡಿದ ಮೇಲೂ ಬರುತ್ತೇನೆ ಎಂದರಲ್ಲ ಎಂದು ಗಣಪಿ ಹೊನ್ನಿಯ ಹತ್ತಿರ ಮೂರು ಸಲ ಹೇಳಿದಳಂತೆ. ಬುಧವಾರ ಕೂತು ಮೇಜಿನ ಮೇಲಿದ್ದ ಕೆಲಸವನ್ನೆಲ್ಲ ಮುಗಿಸಿದಳು. ಹಾಡೇ ಗೊತ್ತಿಲ್ಲದವಳು ಅವತ್ತು ಏನೋ ಗುನುಗಿಕೊಳ್ಳುತ್ತಿದ್ದಳು. ಶ್ರೀಧರ ಕೇಳಿಸಿಕೊಂಡು ಪೇಪರು ಮಡಚಿ ಹೊರಗೆ ಹೋದ.

ಅಣ್ಣಪ್ಪ ಹೊನ್ನಿಯ ಜೊತೆ ಹನ್ನೊಂದು ಗಂಟೆಗೆ ಬಂದ. ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ, ಬಲಗೈಯನ್ನು ಅಡಗಿಸದೆ ತೊಡೆಯ ಮೇಲಿಟ್ಟುಕೊಂಡು ಕೂತ. ಗಣಪಿ ಚಹಾ ತಂದಳು. ಹಿಂದೆಲ್ಲ ಸೆರಗನ್ನು ಎಡಭುಜದಿಂದ ಕಿವಿಯ ಮೇಲೆ ಎಳೆದುಕೊಂಡು ಬರುತ್ತಿದ್ದವಳು ಇವತ್ತು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿ, ಬಾಗಿಲ ಬೆಳಕಿಗೆ ಮುಖಕೊಟ್ಟು ನಿಂತಳು. ನೋಡಿದವನ ಎದುರಿಗೆ ಮುಚ್ಚುವುದೇನು ಎಂದು ಅವಳ ಲೆಕ್ಕ. ನಕ್ಕಳು ಕೂಡ. ನಕ್ಕಾಗ ಮುದುಡಿದ ಕೆನ್ನೆ ಇನ್ನಷ್ಟು ಮುದುಡಿತು.

ಅಣ್ಣಪ್ಪನ ಮುಖದಲ್ಲಿ ಬಣ್ಣ ಇಳಿದದ್ದನ್ನು ಶ್ರೀಧರ ಕಣ್ಣಾರೆ ಕಂಡ. ಅಣ್ಣಪ್ಪ ಅವಳನ್ನು ನೋಡಿದ, ಶ್ರೀಧರನನ್ನು ನೋಡಿದ, ಜೇಬಿನಲ್ಲಿದ್ದ ಫೋನಿನ ಮೇಲೆ ಕೈಯಿಟ್ಟ. ಚಹಾ ಪೂರ್ತಿ ಕುಡಿದ. ಕತಗಾಲದಲ್ಲಿ ಈ ಸಲ ಚಳಿ ಜಾಸ್ತಿ ಎಂದ, ಗಿರಣಿಗೆ ಕರೆಂಟಿನ ತೊಂದರೆ ಎಂದ. ಅವಳನ್ನು ಒಂದು ಮಾತೂ ಕೇಳಲಿಲ್ಲ. ಆಮೇಲೆ ಎದ್ದು, ಬರುತ್ತೇನೆ ಎಂದು ಕೈ ಮುಗಿದ. ಗಣಪಿ ಖಾಲಿ ಲೋಟ ಹಿಡಿದುಕೊಂಡು ನಿಂತೇ ಇದ್ದಳು, ಹೊನ್ನಿ ಅವಳ ಪಕ್ಕದಲ್ಲಿ.

ಅಂಗಳದ ಬೇಲಿಬಾಗಿಲಾದ ದಣಪೆಯ ತನಕ ಕಳಿಸಲು ಶ್ರೀಧರ ಹೋದ. ಅಣ್ಣಪ್ಪ ಅಲ್ಲಿ ನಿಂತು ಫೋನು ತೆಗೆದು ಹಳೆಯ ಲೆನ್ಸಿನ ಚಿತ್ರ ತೋರಿಸಿದ. ಸಿಟ್ಟಿರಲಿಲ್ಲ ಅವನಿಗೆ, ದನಿ ಇನ್ನೂ ಸಣ್ಣದಾಗಿತ್ತು. ತನ್ನ ಮೊದಲ ಹೆಂಡತಿಗೆ ಎದೆಯ ಕಾಯಿಲೆ ಇದ್ದದ್ದನ್ನು ಅವಳ ಮನೆಯವರು ಮುಚ್ಚಿಟ್ಟು ಮದುವೆ ಮಾಡಿದ್ದರು, ಮೊದಲೇ ಹೇಳಿದ್ದರೂ ತಾನು ಬೇಡ ಎನ್ನುತ್ತಿರಲಿಲ್ಲ, ಆದರೆ ಮುಚ್ಚಿಟ್ಟರು ಎನ್ನುವ ಸಂಕಟ ಅವಳು ಸಾಯುವ ತನಕ ಇಬ್ಬರ ನಡುವೆ ಉಳಿದುಬಿಟ್ಟಿತು ಎಂದ. ಕೆನ್ನೆ ತನಗೆ ಲೆಕ್ಕಕ್ಕೇ ಇಲ್ಲ, ಬೆರಳಿಲ್ಲದವನಿಗೆ ಕೆನ್ನೆಯ ಮಾತೇಕೆ ಎಂದ. ಆಮೇಲೆ ಶ್ರೀಧರನ ಮುಖ ನೋಡಿ ಕೇಳಿದ.

“ಒಂದು ಮಾತು ಹೇಳಿ ಶ್ರೀಧರಣ್ಣ. ಈ ಫೋಟೊ ಕಳ್ಸಿದ್ದು ಅವ್ರಿಗೆ ಗೊತ್ತಿತ್ತಾ? ಗೊತ್ತಿರ್ಲಿಲ್ಲ ಅಂದ್ರೆ ನಾ ಈಗ್ಲೇ ಒಳಗೆ ಬಂದು ಕೂತ್ಕೊಳ್ತೆ.”

ನಾಲ್ಕು ಹೆಜ್ಜೆಯ ಅಂಗಳ. ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಶ್ರೀಧರ ಮನೆಯ ಕಡೆ ಒಮ್ಮೆ ತಿರುಗಿ ನೋಡಿದ. ಒಳಗಿನ ಮೇಜಿನ ಮೇಲೆ ಪುಣೆಯಿಂದ ಬಂದ ಹೊಸ ಪಾರ್ಸೆಲ್ಲು ಇನ್ನೂ ಬಿಚ್ಚದೆ ಕೂತಿತ್ತು.

“ಅವ್ಳೇ ಆರ್ಸಿದ್ದು,” ಎಂದ.

ಅಣ್ಣಪ್ಪ ತಲೆಯಾಡಿಸಿದ. ಇದನ್ನು ತಾನು ಯಾರ ಹತ್ತಿರವೂ, ಹೊನ್ನಿಯ ಹತ್ತಿರವೂ, ಎತ್ತುವುದಿಲ್ಲ, ಹೆಂಗಸಿನ ಮಾನದ ಪ್ರಶ್ನೆ ಎಂದು ಹೇಳಿ, ದಣಪೆ ದಾಟಿ ಹೋದ. ಒಳ್ಳೆಯವನ ಒಳ್ಳೆಯತನ ಎಂಥ ಕೆಟ್ಟ ಗಳಿಗೆಯಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ. ಆ ಮನುಷ್ಯ ಕೊಟ್ಟ ಮಾತು ಇವತ್ತಿಗೂ ಉಳಿಸಿಕೊಂಡಿದ್ದಾನೆ.

ಹೊನ್ನಿ ಮನೆಗೆ ಹೋದ ಮೇಲೆ ಗಣಪಿ ಅಣ್ಣನಿಗೆ ಊಟಕ್ಕೆ ಹಾಕಿದಳು. ಅನ್ನ ಬಡಿಸಿದಳು, ಸಾರು ಬಡಿಸಿದಳು, ಎದುರಿಗೆ ಕೂತಳು. ಎಂತ ಹೇಳಿದರು ಎಂದು ಕೇಳಿದಳು. ಆಗುವುದಿಲ್ಲವಂತೆ ಎಂದು ಅವನು ತಟ್ಟೆ ನೋಡಿಕೊಂಡೇ ಹೇಳಿದ. ಅವಳು ಸಾರಿನ ಸೌಟು ಕೆಳಗಿಟ್ಟಳು.

“ಅಣ್ಣ, ನೀ ಕಳ್ಸಿದ್ದು ಯಾವ್ದು?”

“ನೀ ಹೇಳಿದ್ದೇ.”

ಅವಳು ಆ ಮಾತನ್ನು ನಂಬಿದಳು. ನಂಬುವಾಗ ಅವಳ ಭುಜ ಇಳಿದದ್ದು, ಕೈ ತಾನಾಗಿ ಕೆನ್ನೆಗೆ ಹೋದದ್ದು, ಸೆರಗು ಕಿವಿಯ ಮೇಲೆ ಬಂದದ್ದು ಎಲ್ಲವನ್ನೂ ಅವನು ಕಂಡ. ಎಲ್ಲ ನೋಡಿ ಬಂದವನೂ ಎದುರಿಗೆ ಕಂಡು ಹೇಸಿ ಹೋದ ಎಂದಾದರೆ ಇನ್ನು ಯಾರನ್ನು ದೂರುವುದು?

“ಹಾಗಾರೆ ಫೋಟೊದ್ದು ತಪ್ಪಲ್ಲ,” ಎಂದಳು. “ಇಷ್ಟು ವರ್ಷ ಮನಸ್ಸಲ್ಲಿ ನಿನ್ನೇ ಬೈತಿದ್ದೆ ಅಣ್ಣ. ಆ ಡಾಕ್ಟ್ರ ಎದ್ರಿಗೂ ನಿಂಗೆ ಅಂದ್ಬಿಟ್ಟೆ. ನಂದು ತಪ್ಪಾತು.”

ಶ್ರೀಧರ ಅನ್ನ ಕಲಸಿದ. ಕೈ ನಡುಗಿ ನಾಲ್ಕು ಅಗುಳು ನೆಲಕ್ಕೆ ಬಿತ್ತು, ಅವಳು ಬಗ್ಗಿ ಆರಿಸಿದಳು.

“ಆತು ಬಿಡು,” ಎಂದ. “ನಾ ಅದ್ನೆಲ್ಲ ಮನ್ಸಿಗೆ ಹಚ್ಕೊಂಡಿಲ್ಲ.”

ಹೀಗೆ ಶ್ರೀಧರ ತನ್ನ ತಂಗಿಯನ್ನು ಕ್ಷಮಿಸಿದ.